ಚಳಿಯೊಳಗೆ ಹೊರಟ ಲೋಡು

ಧನುರ್ಮಾಸದ ಬೆಳಗಿನ ಜಾವ ದಟ್ಟಗಳ್ಳಿಯ ರಿಂಗ್ ರಸ್ತೆಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಒಳಬೀದಿಯ ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಶುರುವಾಗಿರುತ್ತದೆ. ಹಾಲಿನ ಕ್ರೇಟುಗಳನ್ನು ಎತ್ತಿಳಿಸುವ ಸದ್ದು ಒಂದು ಕಡೆ. ಬೋಗಾದಿ ದಿಕ್ಕಿನಿಂದ ಯಾವುದೋ ದೊಡ್ಡ ಗಾಡಿ ಗೇರು ಇಳಿಸಿಕೊಂಡು ಬರುತ್ತಿದೆ ಎಂದು ಗೊತ್ತಾಗುತ್ತದೆ, ಆದರೆ ಅದರ ಹೆಡ್‌ಲೈಟು ಕಾಣುವ ಹೊತ್ತಿಗೆ ಗಾಡಿಯೇ ಎದುರಿಗೆ ಬಂದಿರುತ್ತದೆ. ಬೀದಿದೀಪಗಳು ರಸ್ತೆಗೆ ಬೆಳಕು ಕೊಡಲಾರದೆ ತಮ್ಮ ಸುತ್ತಲಿನ ನಾಲ್ಕಡಿ ಮಂಜನ್ನು ಮಾತ್ರ ಬೆಳಗುತ್ತ ನಿಂತಿವೆ. ಕಂಬದಿಂದ ಕಂಬಕ್ಕೆ ನಡುವೆ ಏನಿದೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯಬೇಕು.

ಈ ಭಾಗಕ್ಕೆ ಮಂಜು ಹೆಚ್ಚು ಬರಲು ಕಾರಣವಿದೆ. ಶ್ರೀರಾಂಪುರದ ಮಗ್ಗುಲಲ್ಲಿ ಲಿಂಗಾಂಬುಧಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಕೆರೆ. ಡಿಸೆಂಬರಿನಲ್ಲಿ ಮೋಡವಿಲ್ಲದ ಆಕಾಶದ ಕೆಳಗೆ ನೆಲ ತನ್ನ ಬಿಸಿಯನ್ನೆಲ್ಲ ರಾತ್ರಿಯಿಡೀ ಬಿಟ್ಟುಕೊಡುತ್ತದೆ. ಗಾಳಿ ಅಲ್ಲಾಡದಿದ್ದರೆ, ಕೆರೆಯ ತೇವ ಹೊತ್ತ ಗಾಳಿ ಆ ತಣ್ಣನೆಯ ನೆಲಕ್ಕೆ ತಾಗಿ ಅಲ್ಲಲ್ಲೇ ಹನಿಗಟ್ಟಿ ನಿಲ್ಲುತ್ತದೆ. ಸೂರ್ಯ ಚೆನ್ನಾಗಿ ಮೇಲೆ ಬರುವ ತನಕ ಅದಕ್ಕೆ ಕದಲುವ ಆತುರವಿಲ್ಲ. ಆತುರವಿರುವುದು ಲೋಡು ಹೊತ್ತ ಗಾಡಿಗಳಿಗೆ.

ರಿಂಗ್ ರಸ್ತೆಯ ಪಕ್ಕದ ಟೀ ಅಂಗಡಿಯ ಮುಂದೆ ಅವು ಸಾಲಾಗಿ ನಿಂತಿರುತ್ತವೆ. ಟಾಟಾ ಏಸ್, ಬೊಲೆರೊ ಪಿಕಪ್, 407, ಒಂದೆರಡು ಐಷರ್. ಇಲ್ಲಿಂದ ಒಂದು ಕಡೆ ಹೋದರೆ ಹಿನಕಲ್, ಹುಣಸೂರು, ಮಡಿಕೇರಿ. ಇನ್ನೊಂದು ಕಡೆ ಎಚ್.ಡಿ. ಕೋಟೆ ರಸ್ತೆಯನ್ನು ದಾಟಿ ನಂಜನಗೂಡು ರಸ್ತೆ, ಬಂಡಿಪಾಳ್ಯದ ಎಪಿಎಂಸಿ, ಅಲ್ಲಿಂದ ಗುಂಡ್ಲುಪೇಟೆ, ಊಟಿ, ವಯನಾಡು. ಹಾಗಾಗಿ ಬಡಾವಣೆಯ ಜನ ಮಲಗಿರುವಾಗ ಮೂರು ರಾಜ್ಯಗಳ ಅಡುಗೆಮನೆಗೆ ಹೋಗುವ ಸಾಮಾನು ಅವರ ಮನೆಯ ಹಿಂದಿನ ರಸ್ತೆಯಲ್ಲೇ ಹಾದುಹೋಗುತ್ತಿರುತ್ತದೆ. ಚಳಿಗಾಲದಲ್ಲಿ ಅದರಲ್ಲಿ ಅವರೆಕಾಯಿಯ ಪಾಲು ದೊಡ್ಡದು. ಟಾರ್ಪಾಲು ಬಿಗಿದ ಗಾಡಿಯ ಹತ್ತಿರ ಹೋದರೆ ಸಾಕು, ಸೊಗಡು ಮೂಗಿಗೆ ಹೊಡೆಯುತ್ತದೆ.

ನಾನು ಊಟಿಗೆ ಹೋಗುವ ಐಷರ್ ಗಾಡಿಯ ಕ್ಯಾಬಿನ್ನಿನಲ್ಲಿ ಕೂರಲು ಬಂದಿದ್ದೆ. ಡ್ರೈವರು ದಟ್ಟಗಳ್ಳಿಯವರೇ. ರಾತ್ರಿಯೇ ಬಂಡಿಪಾಳ್ಯದಲ್ಲಿ ಟೊಮೆಟೊ, ಈರುಳ್ಳಿ, ಅವರೆಕಾಯಿ ತುಂಬಿಸಿ ಗಾಡಿಯನ್ನು ಮನೆ ಹತ್ತಿರ ತಂದು ನಿಲ್ಲಿಸಿದ್ದರು. ಕ್ಲೀನರ್ ಹುಡುಗ ಹಳೆಯ ಪೇಪರು ಒದ್ದೆ ಮಾಡಿಕೊಂಡು ಗಾಜಿನ ಒಳಮೈಯನ್ನು ಉಜ್ಜುತ್ತಿದ್ದ. ಡ್ರೈವರು ಗಾಡಿಯ ಕೆಳಗೆ ಬಗ್ಗಿ ಏರ್ ಟ್ಯಾಂಕಿನ ರಿಂಗನ್ನು ಎಳೆದರು. ಬುಸ್ಸೆಂದು ಗಾಳಿಯ ಜತೆಗೆ ಒಂದಿಷ್ಟು ಕೊಳೆನೀರು ನೆಲಕ್ಕೆ ಚಿಮ್ಮಿತು.

"ರಾತ್ರಿ ಚಳಿಗೆ ಟ್ಯಾಂಕಲ್ಲಿ ನೀರು ನಿಲ್ತದೆ ಸಾರ್. ಇದನ್ನ ಬಿಡದೆ ಓದ್ರೆ ಬ್ರೇಕು ಲೇಟಾಗಿ ಇಡೀತದೆ," ಎಂದರು.

ಅವರಿಗೆ ಈ ಅಭ್ಯಾಸ ಕಲಿಸಿದವರು ಅಷ್ಟರಲ್ಲಿ ಮಂಕಿಟೋಪಿ, ಮಫ್ಲರಿನಲ್ಲಿ ಮಂಜಿನಿಂದ ಹೊರಬಂದರು. ಪಕ್ಕದ ಬೀದಿಯ ಮಾಜಿ ಸೈನಿಕರು. ಸೇನೆಯ ಲಾರಿ ಓಡಿಸಿ ನಿವೃತ್ತರಾದವರು. ಬೀದಿಯಲ್ಲಿ ಎಲ್ಲರಿಗೂ ಅವರು ಹವಾಲ್ದಾರ್ರು. ಬೆಳಗಿನ ನಡಿಗೆಯ ದಾರಿಯಲ್ಲಿ ಟೀ ಅಂಗಡಿಗೆ ಬಂದು, ಹೊರಡುವ ಗಾಡಿಗಳ ಟಯರುಗಳನ್ನು ಕಾಲಿನಿಂದ ಒಮ್ಮೆ ಒದ್ದು ನೋಡದೆ ಅವರು ಮುಂದೆ ಹೋಗುವುದಿಲ್ಲ.

"ಏನ್ಲಾ ಮಗ, ಬಂಡೀಪುರದ ಗೇಟಿಗೆ ಆರು ಗಂಟೆಗೇ ನಿಂತ್ಕೋಬೇಕು ಅಂತ ಅವಸರನಾ?"

"ಇಲ್ಲ ಹವಾಲ್ದಾರ್ರೆ, ನಿಧಾನಕ್ಕೇ ಓಯ್ತೀನಿ."

"ಬಾಯಲ್ಲಿ ಎಲ್ಲರೂ ನಿಧಾನನೇ ಕನ. ಕಾಲಲ್ಲಿ ಇರ್ಬೇಕು."

ಹವಾಲ್ದಾರ್ರು ಲಾರಿ ವಿದ್ಯೆ ಕಲಿತದ್ದು ಬೆಂಗಳೂರಿನ ಆರ್ಮಿ ಸರ್ವೀಸ್ ಕೋರ್ ಕೇಂದ್ರದಲ್ಲಿ. ಬೆವರು ಒರೆಸಿಕೊಂಡು ಕಲಿತದ್ದನ್ನು ಮೂಗು ಮರಗಟ್ಟುವ ಚಳಿಯಲ್ಲಿ ಬಳಸಬೇಕಾಯಿತು. ಸೇನೆಯ ಸ್ಟಾಲಿಯನ್ ಲಾರಿಗಳಲ್ಲಿ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು ಹೇರಿಕೊಂಡು ಜಮ್ಮುವಿನಿಂದ ಶ್ರೀನಗರ, ಶ್ರೀನಗರದಿಂದ ಲೇಹ್. ಕನ್ನಡ ನೆಲದಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಹಿಮದ ಮೇಲೆ ಭಾರದ ಗಾಡಿ ನಡೆಸುವ ತಿಳಿವಳಿಕೆ ನಮ್ಮ ಊರುಗಳ ಒಳಬೀದಿಗಳಲ್ಲಿ ಹೀಗೆ ಸದ್ದಿಲ್ಲದೆ ವಾಸವಾಗಿದೆ. ಕೇಳುವವರು ಕಡಿಮೆ. ಅದು ನನಗೆ ನಷ್ಟವೆಂದೇ ಕಾಣುತ್ತದೆ.

ಹಿಮದ ಜತೆಗೆ ನಮ್ಮ ನೆಲದ ಸಂಬಂಧ ಇಂದು ನಿನ್ನೆಯದಲ್ಲ. ಜೊಜಿ ಲಾ ಕಣಿವೆ 3,528 ಮೀಟರ್ ಎತ್ತರದಲ್ಲಿದೆ, ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಬಾಗಿಲು. 1948ರಲ್ಲಿ ಅದು ಹೇಸರಗತ್ತೆಗಳು ಓಡಾಡುವ ಕಾಲುದಾರಿ. ಶತ್ರುಗಳು ಅದನ್ನು ಹಿಡಿದು ಕೂತಾಗ ಟ್ಯಾಂಕುಗಳನ್ನೇ ಮೇಲಕ್ಕೆ ಹತ್ತಿಸುವ ನಿರ್ಧಾರ ಮಾಡಿದವರು ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಬಾಲ್ಟಾಲ್‌ನಿಂದ ಮೇಲಕ್ಕೆ ಆ ಕಾಲುದಾರಿಯನ್ನು ಗಾಡಿ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಇಂದಿಗೂ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಆ ದಳದ ಕೇಂದ್ರವಿದೆ. ನವೆಂಬರ್ 1ರಂದು, ಹಿಮದ ನಡುವೆ, ಸ್ಟುವರ್ಟ್ ಟ್ಯಾಂಕುಗಳು ಕಣಿವೆಯನ್ನು ಏರಿದವು. ತಿಮ್ಮಯ್ಯನವರೇ ಮುಂದಿನ ಟ್ಯಾಂಕಿನಲ್ಲಿದ್ದರು. ಮಡಿಕೇರಿಯಲ್ಲಿ ಅವರು ಬೆಳೆದ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ದಟ್ಟಗಳ್ಳಿಯಿಂದ ಹುಣಸೂರು ಕಡೆ ಹೊರಟ ಗಾಡಿಗಳಲ್ಲಿ ಕೆಲವು ಆ ಊರಿಗೆ ಹೋಗುವಂಥವೇ.

ಇನ್ನೊಂದು ನೆನಪು ಈ ರಸ್ತೆಗೆ ಇನ್ನೂ ಹತ್ತಿರದ್ದು, ಭಾರವಾದದ್ದು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಅದರಡಿ ಸಿಕ್ಕಿಕೊಂಡರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ನಾಡೆಲ್ಲ ಬಲ್ಲದು. ಅದೇ ಹತ್ತು ಜನರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ್ ಇದ್ದರು. ಆ ಹೆಸರು ಬಂದಾಗ ಹವಾಲ್ದಾರ್ರು ಟೀ ಲೋಟ ಕೆಳಗಿಟ್ಟರು. "ಅಲ್ಲಿಗೆ ಹೋಗೋ ಒಂದೊಂದು ಬಿಸ್ಕತ್ತು ಪ್ಯಾಕೆಟ್ಟೂ ಮೊದಲು ಯಾವನೋ ಡ್ರೈವರ್ ಲಾರೀಲಿ ಹೋಗಿರ್ತದೆ," ಎಂದಷ್ಟೇ ಹೇಳಿದರು.

ಹಿಮದಲ್ಲಿ ಲಾರಿ ಓಡಿಸುವ ಬಗೆಯನ್ನು ಅವರಿಂದ ಕೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಚಕ್ರ ತಿರುಗಿಸುವುದಾಗಲಿ, ಬ್ರೇಕು ಒತ್ತುವುದಾಗಲಿ, ಎಕ್ಸಲೇಟರ್ ಕೊಡುವುದಾಗಲಿ, ಯಾವುದನ್ನೂ ಥಟ್ಟನೆ ಮಾಡುವ ಹಾಗಿಲ್ಲ. ಮೊದಲ ಗೇರಿನಲ್ಲಿ ಚಕ್ರಕ್ಕೆ ಬಲ ಹೆಚ್ಚು ಬಂದು ಅದು ನಿಂತಲ್ಲೇ ಸುತ್ತಿ ಹಿಮವನ್ನು ನುಣುಪು ಮಾಡಿಬಿಡುತ್ತದೆ. ಆದ್ದರಿಂದ ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ಎಳೆಎಳೆಯಾಗಿ ಬಿಡುತ್ತ ಕದಲಿಸಬೇಕು. ಇಂಜಿನ್ ಬಲ ಹೋಗುವ ಚಕ್ರಗಳಿಗೆ ಕಬ್ಬಿಣದ ಸರಪಳಿ ಕಟ್ಟಬೇಕು, ಅದನ್ನೂ ಏರು ಶುರುವಾಗುವ ಮೊದಲು, ಸಮನೆಲದಲ್ಲಿ. ಸಿಕ್ಕಿಹಾಕಿಕೊಂಡ ಮೇಲೆ ಕಟ್ಟಲು ಹೋದರೆ ಬೆರಳು ಕೆಲಸ ಮಾಡುವುದಿಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿ ಸರಪಳಿಯ ಸಡಿಲ ಎಳೆಯಬೇಕು. ಇಳಿಜಾರಿನಲ್ಲಿ ಹಿಂಚಕ್ರ ಜಾರತೊಡಗಿದರೆ ಮನಸ್ಸು ಬ್ರೇಕು ಒತ್ತು ಎನ್ನುತ್ತದೆ, ಕಾಲು ಕೇಳಬಾರದು. ಹಿಂಭಾಗ ಯಾವ ಕಡೆ ಜಾರುತ್ತಿದೆಯೋ ಸ್ಟೀರಿಂಗನ್ನು ಆ ಕಡೆಗೇ ಮೆಲ್ಲಗೆ ತಿರುಗಿಸಿ, ಚಕ್ರ ಮತ್ತೆ ನೆಲ ಹಿಡಿಯುವ ತನಕ ತಡೆದುಕೊಳ್ಳಬೇಕು.

ಲೆಕ್ಕ ಹಾಕಿದರೆ ಅವರ ಮಾತಿನ ತೂಕ ತಿಳಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಒಣ ಡಾಂಬರಿನ ಮೇಲೆ ಬ್ರೇಕು ಹಿಡಿದ ಬಳಿಕ ಸುಮಾರು 10 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಅದೇ ಗಾಡಿಗೆ 30 ಮೀಟರು ಬೇಕು. ಕರಗಿದ ನೀರು ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರದ ಮೇಲೆ 60 ಮೀಟರೂ ಸಾಲದು. ಆದರೆ ವೇಗವನ್ನು ಅರ್ಧಕ್ಕೆ ಇಳಿಸಿದರೆ ಈ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಸರಪಳಿ, ಒಳ್ಳೆಯ ಟಯರು, ಅನುಭವ ಎಲ್ಲವೂ ಬೇಕು, ಆದರೆ ಇಷ್ಟು ದೊಡ್ಡ ಲಾಭ ಕೊಡುವುದು ವೇಗ ಇಳಿಸಿದ ಕಾಲು ಒಂದೇ.

ಚಳಿ ಗಾಡಿಯ ಹೊಟ್ಟೆಯೊಳಗೂ ಇಳಿಯುತ್ತದೆ. ಲಡಾಖಿನ ಕೊರೆತಕ್ಕೆ ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಸೀಮೆಎಣ್ಣೆ ಬೆರೆಸಿ ಓಡಿಸುತ್ತಿದ್ದ ಕಾಲವೊಂದಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದೇ ಚಳಿಗಾಲದ ಡೀಸೆಲ್ ತಂದಿತು, ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುತ್ತದೆ. ಬ್ಯಾಟರಿಯ ಬಲ ಚಳಿಗೆ ಕುಗ್ಗುತ್ತದೆ. ಏರ್ ಟ್ಯಾಂಕಿನಲ್ಲಿ ನಿಂತ ನೀರು ವಾಲ್ವಿನಲ್ಲಿ ಗಡ್ಡೆಯಾದರೆ ಬ್ರೇಕು ಹಿಡಿಯುವುದಿಲ್ಲ, ಅಥವಾ ಹಿಡಿದದ್ದು ಬಿಡುವುದಿಲ್ಲ. ದಟ್ಟಗಳ್ಳಿಯ ಐಷರ್ ಡ್ರೈವರು ಬೆಳಿಗ್ಗೆ ಎಳೆದ ಆ ರಿಂಗು ಹಾಗೆ ಲೇಹ್‌ನಿಂದ ಇಲ್ಲಿಯವರೆಗೆ ಬಂದದ್ದು.

ಸೇನೆಯ ಸಾಲಿನಲ್ಲಿ ಇನ್ನೊಂದು ಅನುಕೂಲವಿತ್ತು ಎಂದು ಹವಾಲ್ದಾರ್ರು ಒತ್ತಿ ಹೇಳಿದರು. ದಾರಿಯ ಮೇಲಿನ ಟ್ರಾಫಿಕ್ ಪೋಸ್ಟಿನವನು ಕೈ ಅಡ್ಡ ಹಿಡಿದನೆಂದರೆ ಇಡೀ ಕಾನ್ವಾಯ್ ಅಲ್ಲೇ ನಿಲ್ಲುತ್ತದೆ. ಏಕೆ ತಡವಾಯಿತು ಎಂದು ಡ್ರೈವರನ್ನು ಯಾರೂ ಕೇಳುವುದಿಲ್ಲ. ನಿಲ್ಲಿಸುವ ಹೊಣೆ ಬೇರೆಯವರದು. "ಇವ್ನಿಗೆ ಯಾರು ಅಡ್ಡ ಕೈ ಇಡೀತಾರೆ ಹೇಳಿ," ಎಂದು ಐಷರಿನ ಕಡೆ ಗದ್ದ ತೋರಿಸಿದರು. ಅಂದು ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಆ ಪ್ರಶ್ನೆಯನ್ನೇ.

ನಾಲ್ಕೂಮುಕ್ಕಾಲಿಗೆ ಹೊರಟೆವು. ಡ್ರೈವರು ಹೆಡ್‌ಲೈಟನ್ನು ಡಿಮ್ಮಿಗೆ ಇಳಿಸಿದರು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿಯ ಗೋಡೆ ಎದ್ದು ನಿಲ್ಲುತ್ತದೆ. ಅವರ ನೋಟ ಎಡಗಡೆಯ ಬಿಳಿಗೆರೆಯ ಮೇಲಿತ್ತು. ಮುಂದಿನ ಗಾಡಿಯ ಕೆಂಪು ದೀಪ ಹಿಡಿದುಕೊಂಡು ಹೋಗುವುದು ಸುಲಭ ಎನಿಸುತ್ತದೆ, ಆದರೆ ಅವನು ಹಳ್ಳಕ್ಕೆ ಇಳಿದರೆ ನಾವೂ ಇಳಿಯುತ್ತೇವೆ. ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿದ್ದರು. ಚಳಿ ಒಳಬಂದರೂ ಪರವಾಗಿಲ್ಲ, ಹಾರನ್ನಿನ ಸದ್ದು ಕೇಳಬೇಕು, ಮತ್ತೆ ಉಸಿರಿನ ಬಿಸಿಗೆ ಮುಂದಿನ ಗಾಜು ಮಂಕಾಗಬಾರದು.

ನಂಜನಗೂಡು ರಸ್ತೆಯಲ್ಲಿ ನಿಜವಾದ ಭಯ ಎದುರಿನಿಂದ ಬರುವ ಗಾಡಿಯದಲ್ಲ, ನಿಂತ ಗಾಡಿಯದು. ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ದೀಪವಿಲ್ಲ. ಟೀ ಕುಡಿಯಲು ರಸ್ತೆಗೇ ಅರ್ಧ ಚಾಚಿ ನಿಲ್ಲಿಸಿದ ಲಾರಿಗೆ ಪಾರ್ಕಿಂಗ್ ಲೈಟು ಹಾಕಿಲ್ಲ. ಸರಕು ಗಾಡಿಗೆ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಮಿನುಗುಪಟ್ಟಿ ಅಂಟಿಸಬೇಕೆಂಬ ಕಾನೂನಿದೆ. ಪಟ್ಟಿ ಇದ್ದರೂ ಅದರ ಮೇಲೆ ಕೆಸರು ಕೂತಿರುತ್ತದೆ. ಹಳೆಯ ಬಟ್ಟೆಯಲ್ಲಿ ಒಂದು ಸಲ ಒರೆಸುವ ಕೆಲಸ ಅದು, ಹಿಂದೆ ಬರುವವನ ಜೀವ ಅದರಲ್ಲಿದೆ. ನಮ್ಮ ಕ್ಲೀನರ್ ಹುಡುಗ ಹೊರಡುವ ಮೊದಲು ಒರೆಸಿದ್ದನ್ನು ನಾನು ನೋಡಿದ್ದೆ. ಆ ಹುಡುಗನ ಬಗ್ಗೆ ನನಗೆ ಗೌರವ ಮೂಡಿತು.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಕಣ್ಣು ಕಂಡದ್ದು ಕಾಲಿಗೆ ತಲುಪಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು ಹೋಯಿತು. ಏರ್ ಬ್ರೇಕಿನಲ್ಲಿ ಪೆಡಲು ಒತ್ತಿದ ಮೇಲೆ ಗಾಳಿ ಕೊಳವೆಯಲ್ಲಿ ಓಡಿ ಚಕ್ರ ಹಿಡಿಯಲು ಇನ್ನರ್ಧ ಸೆಕೆಂಡು, ಮತ್ತೆ 8 ಮೀಟರು. ಬ್ರೇಕು ಹಿಡಿಯುವ ಮೊದಲೇ 33 ಮೀಟರು ದಾಟಿಬಿಟ್ಟ ಹಾಗಾಯಿತು. ಅಂದು ಕಡಕೊಳದ ಹತ್ತಿರ ನಮಗೆ ಕಾಣುತ್ತಿದ್ದುದು ಅಷ್ಟು ದೂರವೂ ಇಲ್ಲ. ಡ್ರೈವರು 30ಕ್ಕೆ ಇಳಿಸಿದ್ದರು. ಹಿಂದಿನಿಂದ ಒಂದು ಟೂರಿಸ್ಟ್ ಬಸ್ಸು ಹಾರನ್ನು ಹೊಡೆದೂ ಹೊಡೆದೂ ನಮ್ಮನ್ನು ದಾಟಿ ಮಂಜಿನೊಳಗೆ ಹೋಯಿತು. ಯಾರೂ ಏನೂ ಹೇಳಲಿಲ್ಲ. ಕ್ಲೀನರ್ ಹುಡುಗ ಡ್ಯಾಶ್‌ಬೋರ್ಡಿನ ಮೇಲಿದ್ದ ನಂಜುಂಡೇಶ್ವರನ ಫೋಟೊ ಮುಟ್ಟಿ ಕಣ್ಣಿಗೊತ್ತಿಕೊಂಡ.

ಗುಂಡ್ಲುಪೇಟೆ ದಾಟಿದ ಮೇಲೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆನೆ, ಜಿಂಕೆ, ಚಿರತೆಗಳು ರಾತ್ರಿ ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದುದನ್ನು ತಡೆಯಲು ಬಂದ ಈ ಕ್ರಮ ಸರಿಯಾದದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೇಟಿನ ಎರಡೂ ತುದಿಯ ಗಂಟೆಗಳಲ್ಲಿ ನಡೆಯುವುದನ್ನೂ ಹೇಳಬೇಕು. ರಾತ್ರಿ ಒಂಬತ್ತರೊಳಗೆ ಕಾಡು ದಾಟಿಬಿಡಬೇಕೆಂದು ಗಾಡಿಗಳು ಬೆಟ್ಟದಿಂದಲೇ ಓಡಿಬರುತ್ತವೆ. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಕಾದಿದ್ದ ಸಾಲು ಒಮ್ಮೆಗೇ ನುಗ್ಗುತ್ತದೆ, ಅದೂ ಮಂಜು ಅತಿ ದಟ್ಟವಾಗಿರುವ ಹೊತ್ತಿನಲ್ಲಿ. ಪ್ರಾಣಿಗಳಿಗಾಗಿ ಹಾಕಿದ ಗೇಟಿನ ಎರಡೂ ಬದಿಯಲ್ಲಿ ಡ್ರೈವರುಗಳು ಗಾಡಿ ನಿಲ್ಲಿಸಿ ಮಲಗಲು, ಮೈ ಬೆಚ್ಚಗೆ ಮಾಡಿಕೊಳ್ಳಲು, ಬಹಿರ್ದೆಸೆಗೆ ಹೋಗಲು ಒಳ್ಳೆಯ ಜಾಗ ಮಾಡಿಕೊಟ್ಟರೆ ಆ ಓಟ ಅರ್ಧಕ್ಕರ್ಧ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

ನಾವು ತಲುಪಿದಾಗ ಆರೂಕಾಲು. ಮುಂದಿನ ಸಾಲು ಹೋಗಿಯಾಗಿತ್ತು. ನಮ್ಮ ಡ್ರೈವರು ಅವಸರಪಡದೆ ಇಳಿದು ಹಗ್ಗಗಳ ಬಿಗಿ ನೋಡಿ, ಬಿಸಿ ನೀರಿನಲ್ಲಿ ಮುಖ ತೊಳೆದು ಬಂದರು. ಕಾಡಿನೊಳಗೆ ರಸ್ತೆಯುಬ್ಬುಗಳು ವೇಗವನ್ನು ತಾವೇ ನೋಡಿಕೊಳ್ಳುತ್ತವೆ. ತೆಪ್ಪಕಾಡಿನ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ, 36 ಹೇರ್‌ಪಿನ್ ತಿರುವುಗಳು. ದೂರ ಕಡಿಮೆ, ಏರು ವಿಪರೀತ. ಭಾರದ ಗಾಡಿಗೆ ಬಲಗಡೆಯ ಗೂಡಲೂರು ದಾರಿಯೇ ದಾರಿ. ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ., ನಡುವೆ ನಡುವಟ್ಟಂ, ಪೈಕಾರ. ಮೈಸೂರಿನ 770 ಮೀಟರಿನಿಂದ ಊಟಿಯ 2,240 ಮೀಟರಿಗೆ ಅರ್ಧ ದಿನದಲ್ಲಿ ಗಾಡಿ ಏರುತ್ತದೆ. ಬಯಲಿನ ಮಧ್ಯಾಹ್ನದ ಬಿಸಿಲಲ್ಲಿ ಗಾಳಿ ತುಂಬಿಸಿದ ಟಯರು ಬೆಟ್ಟದ ಮೇಲಿನ ಮುಂಜಾವದ ಚಳಿಯಲ್ಲಿ ಎಂಟು ಹತ್ತು ಪೌಂಡು ಇಳಿದಿರುತ್ತದೆ. ತಂಪಾದ ಟಯರಿನಲ್ಲೇ ಗಾಳಿ ನೋಡಬೇಕು ಎಂದು ಡ್ರೈವರು ಹೇಳುವುದು ಅದಕ್ಕೇ.

ತಲೈಕುಂದಾದ ಬಯಲು ಬಂದಾಗ ಹತ್ತು ಗಂಟೆ ಸಮೀಪ. ಇಲ್ಲಿ ಆಕಾಶದಿಂದ ಹಿಮ ಬೀಳುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯ ತನಕ, ತಿಳಿಯಾದ ರಾತ್ರಿಗಳಲ್ಲಿ ತಗ್ಗಿನ ನೆಲದ ಉಷ್ಣಾಂಶ ಸೊನ್ನೆಯ ಹತ್ತಿರ ಬಂದು ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬಯಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ನಾವು ಹೋಗುವ ಹೊತ್ತಿಗೆ ಬಿಸಿಲು ತಾಗಿದ ಕಡೆಯೆಲ್ಲ ಅದು ಕರಗಿತ್ತು. ನೀಲಗಿರಿ ಮರಗಳ ನೆರಳಿನಲ್ಲಿ, ತಿರುವಿನ ಒಳಮಗ್ಗುಲಲ್ಲಿ, ಮೋರಿಯ ನೀರು ರಸ್ತೆಗೆ ಹರಿದ ಜಾಗಗಳಲ್ಲಿ ಇನ್ನೂ ಒದ್ದೆ ಮಿಂಚುತ್ತಿತ್ತು. ಅಲ್ಲಿ ಡ್ರೈವರು ಬ್ರೇಕು ಮುಟ್ಟಲಿಲ್ಲ. ನೆರಳು ಬರುವ ಮೊದಲೇ ಬಿಸಿಲಿನಲ್ಲಿ ವೇಗ ಇಳಿಸಿಕೊಂಡು, ನೆರಳಿನೊಳಗೆ ಸ್ಟೀರಿಂಗನ್ನು ಅಲ್ಲಾಡಿಸದೆ ದಾಟಿದರು. ಹವಾಲ್ದಾರ್ರ ಜೊಜಿ ಲಾ ಪಾಠ ನೀಲಗಿರಿಯ ನೆರಳಿನಲ್ಲಿ ಹೀಗೆ ಕೆಲಸಕ್ಕೆ ಬಂತು.

ಊಟಿ ಮಾರುಕಟ್ಟೆಯ ಹಿಂದೆ ರಾತ್ರಿ ತಂಗಿದ್ದ ಇನ್ನೊಂದು ಕರ್ನಾಟಕದ ಗಾಡಿ ನಿಂತಿತ್ತು. ಬೆಳಿಗ್ಗೆ ಅದರ ಮುಂಗಾಜಿನ ಮೇಲೆ ಮಂಜುಗಡ್ಡೆಯ ಪೊರೆ ಕಟ್ಟಿತ್ತಂತೆ. ಹೊಸಬ ಡ್ರೈವರು ಕುದಿಯುವ ನೀರು ಸುರಿಯಲು ಹೋದಾಗ ಟೀ ಅಂಗಡಿಯ ತಮಿಳು ಅಜ್ಜ ಓಡಿಬಂದು ತಡೆದರಂತೆ. ಹಾಗೆ ಸುರಿದರೆ ಗಾಜು ಸೀಳಿಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಮೆಲ್ಲಗೆ ಕೆರೆದು, ಒಳಗಿನಿಂದ ಹೀಟರಿನ ಬಿಸಿ ಬಿಟ್ಟು ಕಾಯಬೇಕು. ಅರ್ಧ ಗಂಟೆ ಬೇಕಾಗುವ ಕೆಲಸ. ಕೈಯಗಲ ಒರೆಸಿಕೊಂಡು ಆ ಕಿಂಡಿಯಲ್ಲೇ ನೋಡುತ್ತ ಹೊರಟವರನ್ನು ನಮ್ಮ ಡ್ರೈವರು ಬಲ್ಲರು.

ಇಲ್ಲಿಂದ ಉತ್ತರಕ್ಕೆ ಮನಸ್ಸು ಹರಿಯಿತು. ಬೆಂಗಳೂರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ಒಂದೇ ದಾರಿಯಾಗಿ ಶ್ರೀನಗರದವರೆಗೆ ಹೋಗುತ್ತದೆ. ದಟ್ಟಗಳ್ಳಿಯ ತಳ್ಳುಗಾಡಿಯಲ್ಲಿ ಡಿಸೆಂಬರಿನಲ್ಲಿ ಮಾರುವ ಕಾಶ್ಮೀರಿ ಸೇಬು ಆ ದಾರಿಯಲ್ಲಿ ಇಳಿದು ಬಂದದ್ದು. ರಾಮಬನ್, ಬನಿಹಾಲ್, ಕಾಜಿಗುಂಡ್‌ಗಳ ನಡುವೆ ಹಿಮ ಬಿದ್ದರೆ, ಗುಡ್ಡ ಕುಸಿದರೆ ಲಾರಿಗಳು ಸಾವಿರಗಟ್ಟಲೆ ಸಾಲು ನಿಲ್ಲುತ್ತವೆ. 2021ರಲ್ಲಿ ತೆರೆದ ಬನಿಹಾಲ್–ಕಾಜಿಗುಂಡ್ ಸುರಂಗ ಎಂಟೂವರೆ ಕಿಲೋಮೀಟರಿನಷ್ಟು ಹಿಮದ ಭಾಗವನ್ನು ನೆಲದಡಿಗೆ ತಂದಿದೆ. ಜೊಜಿ ಲಾದಲ್ಲಿ ಗಡಿ ರಸ್ತೆಗಳ ಸಂಸ್ಥೆಯವರು ಹಿಮ ಕಡಿದು 2023ರಲ್ಲಿ 68 ದಿನಗಳಿಗೇ, ಮಾರ್ಚ್ 16ರಂದು, ದಾರಿ ಬಿಡಿಸಿದರು. ಹಿಂದೆ ಐದಾರು ತಿಂಗಳು ಅದು ಮುಚ್ಚಿರುತ್ತಿತ್ತು. ಇಷ್ಟೆಲ್ಲ ಆದರೂ ಸೇಬು ಕೊಳೆಯುತ್ತದೆ ಎಂಬ ಭಯದಲ್ಲಿ ಹಿಮದ ಮೇಲೆ ಅವಸರಕ್ಕೆ ಬೀಳುವ ಡ್ರೈವರಿಗೆ ಸುರಂಗವೂ ಬುಲ್ಡೋಜರೂ ನೆರವಾಗಲಾರವು. ಸರಕು ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವವರು, ಫೋನಿನ ಮೇಲೆ ಫೋನು ಮಾಡುವವರು ಆ ಎಕ್ಸಲೇಟರಿನ ಮೇಲೆ ತಮ್ಮ ಕಾಲನ್ನೂ ಇಟ್ಟಿದ್ದಾರೆ. ಮನೆ ಬಾಗಿಲಿಗೆ ಹತ್ತು ನಿಮಿಷದಲ್ಲಿ ಸೊಪ್ಪು ಬರಬೇಕೆಂದು ಬಯಸುವ ನಮ್ಮ ಬಡಾವಣೆಗಳಿಗೂ ಈ ಮಾತು ಸೇರುತ್ತದೆ.

ಹಿಂದಿರುಗುವ ಲೋಡು ಕ್ಯಾರೆಟ್. ತೊಳೆದು ಮೂಟೆ ಕಟ್ಟುವುದು ತಡವಾಗಿ, ಊಟಿ ಬಿಟ್ಟಾಗ ಸಂಜೆ ಐದು ದಾಟಿತ್ತು. ಪೈಕಾರದ ನೀರಿನ ಮೇಲಿಂದ ಮಂಜು ಏಳುತ್ತಿತ್ತು. ನಡುವಟ್ಟಂನಿಂದ ಕೆಳಗೆ ಪೂರ್ತಿ ಬಿಳಿ. ಏರುವಾಗ ಯಾವ ಗೇರಿನಲ್ಲಿ ಹತ್ತಿದ್ದೆವೋ ಇಳಿಯುವಾಗಲೂ ಅದೇ ಗೇರು. ಎಕ್ಸಾಸ್ಟ್ ಬ್ರೇಕಿನ ಗೊರಗೊರ ಕ್ಯಾಬಿನ್ನನ್ನೆಲ್ಲ ತುಂಬಿತ್ತು. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಮಾಡಿ ಇಳಿಸುವವರಿದ್ದಾರೆ. ಆಗ ಇಡೀ ಭಾರ ಲೈನಿಂಗಿನ ಮೇಲೆ ಬಿದ್ದು ಅದು ಕಾದು, ನಾಲ್ಕನೆಯ ತಿರುವಿಗೆ ಬ್ರೇಕು ಇದ್ದೂ ಇಲ್ಲದಂತಾಗುತ್ತದೆ. ನಮ್ಮ ಮುಂದೆ ಹೋದ ಯಾವುದೋ ಗಾಡಿಯ ಸುಟ್ಟ ಲೈನಿಂಗಿನ ವಾಸನೆ ಮಂಜಿನ ಜತೆಗೇ ತೇಲಿಬಂತು. ಡ್ರೈವರು ಒಂದು ಅಗಲವಾದ ಜಾಗ ನೋಡಿ ಎಡಕ್ಕೆ ತೆಗೆದು ನಿಲ್ಲಿಸಿದರು. ಹುಡುಗ ಹಾರಿ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಕೆಂಪು ತ್ರಿಕೋನವನ್ನು ಹಿಡಿದು ಹಿಂದಕ್ಕೆ ಐವತ್ತು ಹೆಜ್ಜೆ ನಡೆದ.

ಗಂಟೆ ಆರೂಮುಕ್ಕಾಲು. ಒಂಬತ್ತಕ್ಕೆ ಗೇಟು. ಮನಸ್ಸು ಮಾಡಿದರೆ ಓಡಿಸಿಕೊಂಡು ಹೋಗಿ ದಾಟಬಹುದಿತ್ತು. ಅಷ್ಟರಲ್ಲಿ ಮೈಸೂರಿನ ಮಂಡಿಯವರ ಫೋನು.

"ಎಲ್ಲಿದ್ದೀಯಪ್ಪ? ಬೆಳಿಗ್ಗೆ ನಾಲ್ಕಕ್ಕೆ ಅಂಗಡಿಯವರು ಬಂದು ನಿಂತ್ಕೋತಾರೆ."

"ನಡುವಟ್ಟಂ ಕೆಳಗಿದ್ದೀನಣ್ಣ. ಏನೂ ಕಾಣ್ತಿಲ್ಲ. ಗೂಡಲೂರಲ್ಲಿ ಮಲಗಿ ಬೆಳಿಗ್ಗೆ ಗೇಟು ತೆಗೆದ ಮೇಲೆ ಬತ್ತೀನಿ. ಒಂಬತ್ತೂವರೆ, ಹತ್ತಾಯ್ತದೆ."

ಆ ಕಡೆ ಕೊಂಚ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿರಬೇಕು. ನಾಲ್ಕು ಗಂಟೆಯ ಗಿರಾಕಿ ಹತ್ತಕ್ಕೆ ಬರುವುದಿಲ್ಲ, ಬಂದರೂ ರೇಟು ಇಳಿಸುತ್ತಾನೆ.

"ಬಾಡಿಗೇಲಿ ಹಿಡ್ಕೊಳಲ್ಲ, ಬಿಡು. ಅಂಗಡಿಯವರಿಗೆ ನಾನು ಹೇಳ್ಕೋತೀನಿ. ಟಾರ್ಪಾಲು ಚೆನ್ನಾಗಿ ಎಳೆದು ಮಲಗು, ಕ್ಯಾರೆಟ್ ಮೇಲೆ ಇಬ್ಬನಿ ಬಿದ್ದಾತು. ಆ ಹುಡುಗನಿಗೆ ಹೊದಿಕೆ ಇದೆಯಾ?"

"ಅದೆ ಅಣ್ಣ."

ಡ್ರೈವರು ಫೋನು ಜೇಬಿಗಿಟ್ಟು, ಹಿಂಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಒಡ್ಡಿ ಬಿಸಿ ಎಷ್ಟಿದೆ ಎಂದು ನೋಡಿದರು. ಇನ್ನೂ ಹದಿನೈದು ನಿಮಿಷ ಆರಲಿ, ಆಮೇಲೆ ಗೂಡಲೂರಿಗೆ ಇಳಿಯೋಣ ಎಂದು ಹುಡುಗನಿಗೆ ಕೂಗಿ ಹೇಳಿದರು.